1098 ಸಹಾಯವಾಣಿ: ಅಪಾಯ ಹೆತ್ತವರಿಂದಲೇ ಬಂದಾಗ ಎಷ್ಟು ಒದಗುತ್ತದೆ?

ಕುಡಿದ ಅಮಲಿನಲ್ಲಿ ಮಗುವನ್ನು ಬೈಕಿನ ಟ್ಯಾಂಕ್ ಮೇಲೆ ಕೂರಿಸಿಕೊಂಡು ಹೊರಡುವ ತಂದೆ, ನಾಲ್ಕು ವರ್ಷದ ಕೂಸನ್ನು ಒಳಗಿಟ್ಟು ಬೀಗ ಹಾಕಿ ರಾತ್ರಿಯಿಡೀ ಹೊರಗಿರುವ ತಾಯಿ. ಇಂಥ ಸಂದರ್ಭಕ್ಕೆ ಮೊದಲು ಒತ್ತಬೇಕಾದ ನಂಬರು ಮಕ್ಕಳ ಸಹಾಯವಾಣಿ 1098. ಕರೆಗೆ ಶುಲ್ಕವಿಲ್ಲ, ಹಗಲು ರಾತ್ರಿ ನಡೆಯುತ್ತದೆ, 18 ವರ್ಷದೊಳಗಿನ ಯಾವ ಮಗುವಿಗಾಗಿಯೂ ಯಾರು ಬೇಕಾದರೂ ಮಾಡಬಹುದು. 1996ರಲ್ಲಿ ಮುಂಬೈಯಲ್ಲಿ ಶುರುವಾದ ಈ ಸೇವೆಯನ್ನು 2023ರಲ್ಲಿ ಸರ್ಕಾರ ನೇರವಾಗಿ ವಹಿಸಿಕೊಂಡು ತುರ್ತು ಕರೆಯ ನಂಬರು 112ಕ್ಕೆ ಜೋಡಿಸಿತು. ಜೀವಕ್ಕೇ ಕುತ್ತು ಎನ್ನುವಂತಿದ್ದರೆ ನೇರ 112 ವಾಸಿ.

ಕರೆ ದಾರಿ ತಪ್ಪುವುದು ಹೇಳುವ ರೀತಿಯಿಂದ. 'ನನ್ನ ಗಂಡ ಸರಿಯಿಲ್ಲ, ಮಗುವನ್ನು ನನಗೆ ಕೊಡಿಸಿ' ಎಂದರೆ ಅದು ಗಂಡ ಹೆಂಡಿರ ಜಗಳದಂತೆ ಕೇಳಿಸುತ್ತದೆ. ಮಗುವಿನ ವಯಸ್ಸು, ಈಗ ಎಲ್ಲಿದೆ, ಯಾರ ಬಳಿ ಇದೆ, ಏನಾಯಿತು, ಯಾವಾಗ, ಇಂದು ರಾತ್ರಿ ಏನಾಗಬಹುದು: ಇಷ್ಟನ್ನು ಮೊದಲು ಹೇಳಿ. ದೂರು ಆಮೇಲೆ.

ಸಹಾಯವಾಣಿಯ ನಿಜವಾದ ಬಲ ಅದರ ಹಿಂದಿರುವ ಮಕ್ಕಳ ಕಲ್ಯಾಣ ಸಮಿತಿ. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಈ ಸಮಿತಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಅದರ ಮುಂದೆ ಹಾಜರುಪಡಿಸಬೇಕು. ಸಮಿತಿ ಕೂರದ ದಿನ ಒಬ್ಬ ಸದಸ್ಯರ ಮುಂದಾದರೂ ಸಾಕು, ಈ ಮಾತು ಎಷ್ಟೋ ಮಂದಿಗೆ ತಿಳಿದಿಲ್ಲ. ಮಗುವನ್ನು ಮನೆಗೇ ಕಳಿಸಿ ಮೇಲ್ವಿಚಾರಣೆ ಇಡುವುದು, ಸಮಿತಿಯೇ ಅರ್ಹರೆಂದು ಗುರುತಿಸಿದ ವ್ಯಕ್ತಿಗೆ ಒಪ್ಪಿಸುವುದು, ಬಾಲಮಂದಿರಕ್ಕೆ ಸೇರಿಸುವುದು, ಮೂರೂ ಅದರ ಕೈಯಲ್ಲಿವೆ. ಅಜ್ಜ ಅಜ್ಜಿ ನೋಡಿಕೊಳ್ಳಲು ಸಿದ್ಧರಿದ್ದರೆ ಮೊದಲ ದಿನವೇ ಲಿಖಿತ ಅರ್ಜಿ ಕೊಡುವುದು ಒಳ್ಳೆಯದು. ಸುಮ್ಮನೆ ಮಗುವನ್ನು ಕರೆದೊಯ್ದರೆ ಅಪಹರಣದ ದೂರಿಗೆ ದಾರಿಯಾಗುತ್ತದೆ.

ಕ್ರಿಮಿನಲ್ ಹಾದಿ ಅಷ್ಟು ಸಲೀಸಲ್ಲ. ಮಗುವನ್ನು ಬೇಕೆಂದೇ ಅಲಕ್ಷಿಸಿ ನೋವಿಗೆ ಗುರಿಮಾಡಿದರೆ ಇದೇ ಬಾಲ ನ್ಯಾಯ ಕಾಯ್ದೆಯ 75ನೇ ಸೆಕ್ಷನ್: ಮೂರು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ದಂಡ, ಅಥವಾ ಎರಡೂ. ಮದ್ಯ ಕುಡಿಸಿದರೆ 77ನೇ ಸೆಕ್ಷನ್, ಏಳು ವರ್ಷದವರೆಗೆ. ಆದರೆ 2021ರ ತಿದ್ದುಪಡಿಯ ನಂತರ 77ರಂಥ ಅಪರಾಧಕ್ಕೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಠಾಣೆಯಲ್ಲಿ ವಾದಿಸುತ್ತ ಕೂರುವುದಕ್ಕಿಂತ ಸಮಿತಿಯ ಬಾಗಿಲು ಬೇಗ ತೆರೆಯುತ್ತದೆ.

ಮಗು ಮುಂದೆ ಯಾರ ಬಳಿ ಬೆಳೆಯಬೇಕು ಎಂಬ ಪ್ರಶ್ನೆಯನ್ನು 1098 ಬಗೆಹರಿಸುವುದಿಲ್ಲ. ಅದಕ್ಕೆ ಕೌಟುಂಬಿಕ ನ್ಯಾಯಾಲಯ, 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆ. ಜತೆಗೇ 12ನೇ ಸೆಕ್ಷನ್ ಅಡಿ ಮಧ್ಯಂತರ ಆದೇಶ ಕೇಳಿ. ಅರ್ಜಿ ಹಾಕಬೇಕಾದದ್ದು ಮಗು ಸಾಮಾನ್ಯವಾಗಿ ವಾಸಿಸುವ ಊರಿನಲ್ಲಿ. ತವರಿಗೆ ಕರೆದೊಯ್ದು ಅಲ್ಲಿ ಹಾಕಿದರೆ ವ್ಯಾಪ್ತಿಯ ತಕರಾರಿನಲ್ಲೇ ತಿಂಗಳುಗಳು ಹೋದಾವು. ಮನೆಯಲ್ಲಿ ತಾಯಿಗೂ ಹೊಡೆತ ಬೀಳುತ್ತಿದ್ದರೆ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 21ನೇ ಸೆಕ್ಷನ್ನಿನಲ್ಲಿ ತಾತ್ಕಾಲಿಕ ಸುಪರ್ದಿ ಕೇಳಬಹುದು. ವಕೀಲರ ಖರ್ಚಿಗೆ ಅಂಜಬೇಕಿಲ್ಲ: ಹೆಂಗಸರಿಗೂ ಮಕ್ಕಳಿಗೂ ಕಾನೂನು ನೆರವು ಉಚಿತ, ನಂಬರು 15100.

ಆಸ್ಪತ್ರೆಯ ಚೀಟಿ, ಶಾಲೆಯ ಹಾಜರಿ, ತಾರೀಖಿರುವ ಫೋಟೋ ತೆಗೆದಿಟ್ಟುಕೊಳ್ಳಿ. ಮಗುವಿನ ವಿಡಿಯೋವನ್ನು ವಾಟ್ಸಾಪ್ ಗುಂಪಿಗೆ ಹಾಕಿದರೆ ಮಗುವಿನ ಗುರುತು ಬಯಲು ಮಾಡಬಾರದೆನ್ನುವ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್, ವಿಡಿಯೋ ಹಾಕಿದವರ ಮೇಲೆಯೇ ತಿರುಗೀತು. ಸಮಿತಿಯ ಆದೇಶ ಒಪ್ಪಿಗೆಯಾಗದಿದ್ದರೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಲು 30 ದಿನ ಇರುತ್ತದೆ. ಆದೇಶದ ದೃಢೀಕೃತ ಪ್ರತಿಯನ್ನು ಅದೇ ದಿನ ಕೇಳಿಟ್ಟುಕೊಳ್ಳಿ.