ಲಿನಕ್ಸ್‌ನಲ್ಲಿ ಫ್ರೀ ಡಿಶ್: ಒಳಗಿನ ಕಾರ್ಡೋ, ಹೊರಗಿನ ಡಬ್ಬಿಯೋ?

ಮೊದಲೇ ಹೇಳಿಬಿಡುತ್ತೇನೆ. ಲಿನಕ್ಸ್ ಕಂಪ್ಯೂಟರಿನಲ್ಲಿ ದೂರದರ್ಶನದ ಉಚಿತ ಡಿಶ್ ಸೇವೆಯಾದ ಡಿಡಿ ಫ್ರೀ ಡಿಶ್ ನೋಡಬೇಕು, ರೆಕಾರ್ಡ್ ಮಾಡಿಕೊಳ್ಳಬೇಕು ಅಂದರೆ ನನ್ನ ಓಟು ಯುಎಸ್‌ಬಿಗೆ ಸಿಕ್ಕಿಸುವ ಟ್ಯೂನರ್ (ಡಿಶ್‌ನ ಸಿಗ್ನಲ್ ಹಿಡಿಯುವ ಸಾಧನ) ಡಬ್ಬಿಗೆ. ಮದರ್‌ಬೋರ್ಡ್ ಮೇಲೆ ಕೂರುವ ಪಿಸಿಐಇ ಕಾರ್ಡ್‌ಗೆ ಅಲ್ಲ. ಎರಡನ್ನೂ ಕೈಯಿಂದ ದುಡ್ಡು ಹಾಕಿ ತಗೊಂಡು, ಒಂದೇ ಡಿಶ್‌ನ ಕೇಬಲ್‌ಗೆ ಹಾಕಿ ನೋಡಿದ್ದೇನೆ. ಸೆಟ್‌ಟಾಪ್ ಬಾಕ್ಸ್‌ಗೆ ಈಸಿಕ್ಯಾಪ್ (ಬಾಕ್ಸ್‌ನಿಂದ ಬರುವ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಪುಟ್ಟ ಯುಎಸ್‌ಬಿ ಸಾಧನ) ಸಿಕ್ಕಿಸುವ ಅಗ್ಗದ ದಾರಿಯನ್ನೂ ಬಿಟ್ಟಿಲ್ಲ.

ಡಿಶ್ ಯಾಕೆ, ಮಾಮೂಲಿ ಆಂಟೆನಾ ಸಾಲದಾ ಅಂತ ಕೇಳಬಹುದು. ನಮ್ಮದು ಶಿವಮೊಗ್ಗ ಜಿಲ್ಲೆ. ಹಿಂದೆ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುತ್ತಿದ್ದ ಬಿಟಿ878 ಚಿಪ್‌ನ ಕಾರ್ಡ್‌ಗಳು ಲಿನಕ್ಸ್‌ನಲ್ಲಿ ಚೆನ್ನಾಗಿ ಓಡುತ್ತಿದ್ದವು. ಆದರೆ ಅವೆಲ್ಲ ಅನಲಾಗ್. ದೂರದರ್ಶನ 2022ರ ಹೊತ್ತಿಗೆ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಹೆಚ್ಚುಕಮ್ಮಿ ಎಲ್ಲ ಮುಚ್ಚಿತು. 2016ರಲ್ಲಿ ಡಿವಿಬಿ-ಟಿ2 ಅನ್ನುವ ಡಿಜಿಟಲ್ ಪ್ರಸಾರ 16 ನಗರಗಳಲ್ಲಿ ಶುರುವಾದಾಗ ಕರ್ನಾಟಕದಿಂದ ಆ ಪಟ್ಟಿಯಲ್ಲಿ ಇದ್ದದ್ದು ಬೆಂಗಳೂರು ಒಂದೇ. ಆ ಸಿಗ್ನಲ್ ಮಲೆನಾಡಿಗೆ ಎಲ್ಲಿ ಬರಬೇಕು? ಖಾಸಗಿ ಡಿಟಿಎಚ್ ಎನ್‌ಕ್ರಿಪ್ಟ್ ಆಗಿರುತ್ತದೆ, ಅವರದೇ ಬಾಕ್ಸ್ ಇಲ್ಲದೆ ಆಗುವುದಿಲ್ಲ. ಉಳಿದದ್ದು ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾದದ್ದು. ಈಗ ಜಿಸ್ಯಾಟ್-15 ಉಪಗ್ರಹದಿಂದ, 93.5 ಡಿಗ್ರಿ ಪೂರ್ವದಿಂದ ಬರುತ್ತದೆ. ತಿಂಗಳ ಚಂದಾ ಇಲ್ಲ. ಅಮ್ಮನಿಗೆ ಬೇಕಾದ ಡಿಡಿ ಚಂದನವೂ ಅದರಲ್ಲೇ ಇದೆ.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಆರ್‌ಟಿಎಲ್2832ಯು ಡಾಂಗಲ್ ನೋಡಿ ಆಸೆಪಡಬೇಡಿ. ಅದು ಹಳೇ ಡಿವಿಬಿ-ಟಿ ಮಾತ್ರ ಹಿಡಿಯುತ್ತದೆ. ಟಿ2 ಇಲ್ಲ, ಡಿಶ್ ಅಂತೂ ಇಲ್ಲವೇ ಇಲ್ಲ. ಎಫ್‌ಎಂ ಕೇಳಲು, 1090 ಮೆಗಾಹರ್ಟ್ಸ್‌ನಲ್ಲಿ ವಿಮಾನಗಳ ಜಾಡು ಹಿಡಿಯಲು ಭಲೇ ಸಾಮಾನು. ಟಿವಿಗಲ್ಲ.

ಈಗ ಕಾರ್ಡ್ ವಿಷಯ. ಸುಮಾರು ₹9,000 ಕೊಟ್ಟೆ. ಎರಡು ಟ್ಯೂನರ್, ಗಟ್ಟಿ ಬಿಲ್ಡ್, ಡಬ್ಬದ ಮೇಲೆ ಲಿನಕ್ಸ್‌ನ ಗುರುತಾದ ಪೆಂಗ್ವಿನ್ ಚಿತ್ರ. ಕಂಪನಿ ಹೆಸರು ಬೇಡ. ಪೆಂಗ್ವಿನ್ ಹಾಕಿದ್ದು ಸುಳ್ಳಲ್ಲ, ಕಾರ್ಡನ್ನು ನಡೆಸುವ ಲಿನಕ್ಸ್ ಡ್ರೈವರ್ ಇದೆ. ಆದರೆ ಅದು ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗಿಲ್ಲ. ಸೋರ್ಸ್ (ಮೂಲ ಕೋಡ್) ಇಳಿಸಿಕೊಂಡು ನಾವೇ ಕಂಪೈಲ್ ಮಾಡಬೇಕು, ಅಂದರೆ ಓಡುವ ಪ್ರೋಗ್ರಾಂ ಆಗಿ ಕಟ್ಟಿಕೊಳ್ಳಬೇಕು. ಮೊದಲ ಸಲ ಅದೇನೂ ಕಷ್ಟ ಅನ್ನಿಸುವುದಿಲ್ಲ. ಟೀ ಕುಡಿದು ಬರುವಷ್ಟರಲ್ಲಿ ಮುಗಿಯುತ್ತದೆ, ರೀಬೂಟ್ ಮಾಡಿದರೆ ಎರಡೂ ಟ್ಯೂನರ್ ಕಾಣಿಸುತ್ತವೆ, ಚಿತ್ರ ಬರುತ್ತದೆ, ಮನೆಯವರೆಲ್ಲ ಖುಷಿ.

ತೊಂದರೆ ಶುರುವಾಗುವುದು ಆಮೇಲೆ. ನಾನು ಬಳಸುವ ಲಿನಕ್ಸ್ ಆದ ಉಬುಂಟು ತನ್ನ ಪಾಡಿಗೆ ತಾನು ರಾತ್ರಿ ಹೊಸ ಕರ್ನಲ್ ಹಾಕಿಕೊಳ್ಳುತ್ತದೆ. ನಾವು ಕಂಪೈಲ್ ಮಾಡಿದ ಡ್ರೈವರ್ ಇರುವುದು ಹಳೇ ಕರ್ನಲ್‌ನ ಫೋಲ್ಡರ್‌ನಲ್ಲಿ. ಮುಂದಿನ ರೀಬೂಟ್ ಆದಮೇಲೆ ಕಾರ್ಡ್ ಸ್ಲಾಟ್‌ನಲ್ಲಿ ಇರುತ್ತದೆ, ಆದರೆ ಟ್ಯೂನರ್ ಇರುವುದಿಲ್ಲ. ಯಾವ ಎರರ್ ಕೂಡ ಪರದೆ ಮೇಲೆ ಬರುವುದಿಲ್ಲ. ಗೊತ್ತಾಗುವುದು ಸಂಜೆ ಅಮ್ಮ ಬಂದು "ಏನೋ, ನಿನ್ನೆದು ರೆಕಾರ್ಡೇ ಆಗಿಲ್ವಲ್ಲೋ" ಅಂದಾಗಲೇ.

ಸರಿ, ಮತ್ತೆ ಕಂಪೈಲ್ ಮಾಡಿದರಾಯಿತು ಅಂದುಕೊಳ್ಳುತ್ತೀರಿ. ಇಲ್ಲಿ ಇನ್ನೊಂದು ಗಂಟು. ಈ ತರಹದ ಡ್ರೈವರ್ ಪ್ಯಾಕೇಜು ತನ್ನ ಕಾರ್ಡ್‌ಗೆ ಬೇಕಾದ್ದನ್ನಷ್ಟೇ ಹಾಕುವುದಿಲ್ಲ. ಕರ್ನಲ್‌ನ ಇಡೀ ಮೀಡಿಯಾ ವಿಭಾಗವನ್ನೇ ತನ್ನ ಆವೃತ್ತಿಯಿಂದ ಬದಲಾಯಿಸುತ್ತದೆ. ವೆಬ್‌ಕ್ಯಾಮ್‌ನ ಡ್ರೈವರ್ ಕೂಡ ಅದೇ ವಿಭಾಗದ್ದು. ಹಳೆಯದು ಹೊಸದು ಬೆರೆತು ಹೊಂದದೇ ಹೋದರೆ ಕ್ಯಾಮೆರಾ ಕಣ್ಣು ಮುಚ್ಚಿಕೊಳ್ಳುತ್ತದೆ. ನನಗೆ ಆದದ್ದು ಅದೇ. ಟಿವಿ ಬಂತು, ಆಫೀಸಿನ ಮೀಟಿಂಗಿಗೆ ಮುಖ ಇಲ್ಲ. ಟಿವಿ ಕಾರ್ಡ್‌ಗೂ ವೆಬ್‌ಕ್ಯಾಮ್‌ಗೂ ಏನು ಸಂಬಂಧ ಅಂತ ಯಾರಿಗಾದರೂ ಹೊಳೆಯುತ್ತದಾ?

ಅದರ ಮೇಲೆ ಸೆಕ್ಯೂರ್ ಬೂಟ್, ಅಂದರೆ ನಂಬಿಕಸ್ತ ಸಹಿ ಇರುವ ಸಾಫ್ಟ್‌ವೇರ್ ಮಾತ್ರ ಓಡಲು ಬಿಡುವ ಕಂಪ್ಯೂಟರಿನ ಕಾವಲು. ನಾವೇ ಕಂಪೈಲ್ ಮಾಡಿದ ಮಾಡ್ಯೂಲ್‌ಗೆ (ಡ್ರೈವರ್ ಫೈಲಿಗೆ) ಸಹಿ ಇರುವುದಿಲ್ಲ. ಸಹಿ ಇಲ್ಲದ್ದನ್ನು ಕರ್ನಲ್ ಒಳಗೆ ಬಿಡುವುದಿಲ್ಲ, "ಕೀ ವಾಸ್ ರಿಜೆಕ್ಟೆಡ್" ಅಂತ ಲಾಗ್‌ನಲ್ಲಿ ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಸ್ವಂತ ಕೀ ಮಾಡಿ, ಅದನ್ನು ಬೂಟ್ ಸಮಯದ ನೀಲಿ ಪರದೆಯಲ್ಲಿ ನೋಂದಾಯಿಸಿ, ಪ್ರತಿ ಸಲ ಮಾಡ್ಯೂಲ್‌ಗಳಿಗೆ ಸಹಿ ಹಾಕಬೇಕು. ಇಲ್ಲವೇ ಸೆಕ್ಯೂರ್ ಬೂಟ್ ಆಫ್ ಮಾಡಬೇಕು. ನಾನು ಆಫ್ ಮಾಡಿದೆ.

ಇದನ್ನೆಲ್ಲ ಡಿಕೆಎಂಎಸ್‌ಗೆ (ಕರ್ನಲ್ ಬದಲಾದಾಗಲೆಲ್ಲ ಡ್ರೈವರನ್ನು ಮತ್ತೆ ಕಂಪೈಲ್ ಮಾಡುವ ಸಾಫ್ಟ್‌ವೇರಿಗೆ) ವಹಿಸಿದರೆ ತಾನಾಗಿಯೇ ಆಗುತ್ತದಲ್ಲ ಅಂತ ಬಲ್ಲವರು ಹೇಳಬಹುದು. ಕರ್ನಲ್‌ನ ಒಳಗಿನ ವ್ಯವಸ್ಥೆ ಬದಲಾಗದೇ ಇದ್ದರೆ ಆಗುತ್ತದೆ. ಬದಲಾದ ದಿನ ಕಂಪೈಲ್ ಅರ್ಧಕ್ಕೆ ನಿಲ್ಲುತ್ತದೆ, ಡ್ರೈವರ್ ಬರೆದವರು ಸರಿಮಾಡುವ ತನಕ ಕಾಯಬೇಕು. ಹಳೇ ಕರ್ನಲ್ಲೇ ಇರಲಿ ಅಂತ ಅಪ್‌ಡೇಟ್ ತಡೆದರೆ ಸೆಕ್ಯೂರಿಟಿ ತೇಪೆಗಳೂ ಬರುವುದಿಲ್ಲ. ದಿನಾ ಆಫೀಸ್ ಕೆಲಸ ಮಾಡುವ ಕಂಪ್ಯೂಟರಿನಲ್ಲಿ ಒಂದು ಟಿವಿ ಕಾರ್ಡ್‌ಗೋಸ್ಕರ ಅದನ್ನು ಮಾಡಲು ನನಗೆ ಮನಸ್ಸು ಬರಲಿಲ್ಲ.

ಯುಎಸ್‌ಬಿ ಡಬ್ಬಿ ಡಿವಿಬಿಸ್ಕೈ ಎಸ್960. ನನಗೆ ಇಲ್ಲಿ ಸಿಗಲಿಲ್ಲ. ಜರ್ಮನಿಯಲ್ಲಿರುವ ಭಾವ ರಜೆಗೆ ಬರುವಾಗ ತಂದುಕೊಟ್ಟರು, ದುಡ್ಡು ಹೆಚ್ಚುಕಮ್ಮಿ ಕಾರ್ಡಿನಷ್ಟೇ. ಒಂದೇ ಟ್ಯೂನರ್. ಪ್ಲಾಸ್ಟಿಕ್ ಡಬ್ಬಿ, ಜೊತೆಗೆ ಒಂದು ಅಡಾಪ್ಟರ್. ಡಿಶ್‌ನ ಎಲ್‌ಎನ್‌ಬಿಗೆ (ಡಿಶ್‌ನ ಮುಂದೆ ತೋಳಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಭಾಗಕ್ಕೆ) 13 ಅಥವಾ 18 ವೋಲ್ಟ್ ಕಳಿಸಬೇಕಲ್ಲ, ಯುಎಸ್‌ಬಿಯ 5 ವೋಲ್ಟ್ ಅದಕ್ಕೆ ಸಾಲದು. ಕರೆಂಟ್ ಹೋಗುವ ಊರಾದರೆ ಈ ಅಡಾಪ್ಟರ್ ಕೂಡ ಯುಪಿಎಸ್‌ನಲ್ಲೇ ಇರಲಿ.

ಇದರ ಡ್ರೈವರ್ ಕರ್ನಲ್‌ನಲ್ಲೇ ಇದೆ. ಚುಚ್ಚಿದ ತಕ್ಷಣ ಗುರುತಿಸಿತು. ಒಂದೇ ಕೊಸರು ಫರ್ಮ್‌ವೇರ್, ಅಂದರೆ ಚಿಪ್‌ನೊಳಗೆ ಓಡುವ ಸಣ್ಣ ಪ್ರೋಗ್ರಾಂ. ಒಳಗಿರುವ ಎಂ88ಡಿಎಸ್3103 ಚಿಪ್‌ಗೆ ಒಂದು ಪುಟ್ಟ ಫೈಲ್ ಬೇಕು, ನನ್ನ ಉಬುಂಟುವಿನಲ್ಲಿ ಅದು ಇರಲಿಲ್ಲ. ಮೋಸ ಏನೆಂದರೆ, ಆ ಫೈಲ್ ಕೇಳುವುದು ಸಾಧನವನ್ನು ನಿಜವಾಗಿ ತೆರೆದಾಗ ಮಾತ್ರ. ಅಲ್ಲಿಯವರೆಗೆ ಎಲ್ಲ ಸರಿಯಾಗಿರುವಂತೆ ಕಾಣುತ್ತದೆ. ಸ್ಕ್ಯಾನ್ ಮಾಡಿದರೆ ಏನೂ ಸಿಗುವುದಿಲ್ಲ, ಸುಮ್ನೆ ಡಿಶ್ ಮೇಲೆ ಅನುಮಾನ ಬಂದು ತಾರಸಿ ಹತ್ತುತ್ತೇವೆ. ಕರ್ನಲ್ ಲಾಗ್ ನೋಡಿ. ಫರ್ಮ್‌ವೇರ್ ಲೋಡ್ ಆಗಲಿಲ್ಲ, ಎರರ್ -2 ಅಂತ ಇದ್ದರೆ ಫೈಲ್ ಇಲ್ಲ ಅಂತಲೇ ಅರ್ಥ. ಕೇಳಿದ ಹೆಸರಿನ ಫೈಲನ್ನು ಫರ್ಮ್‌ವೇರ್ ಫೋಲ್ಡರ್‌ಗೆ ಹಾಕಿದರೆ ಮುಗಿಯಿತು. ಆಮೇಲೆ ಎಷ್ಟು ಕರ್ನಲ್ ಬದಲಾದರೂ ಅದು ಅಲ್ಲೇ ಇರುತ್ತದೆ. ಕಾರ್ಡ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಷ್ಟೇ.

ಸ್ಕ್ಯಾನ್ ಮಾಡುವಾಗ ಎಲ್‌ಎನ್‌ಬಿ ಯಾವುದು ಅಂತ ಹೇಳಲೇಬೇಕು. ಇದು ಎರಡಕ್ಕೂ ಒಂದೇ. ಯೂನಿವರ್ಸಲ್, ಅಂದರೆ 9750/10600 ಆಯ್ಕೆ ಮಾಡಿ (ಇಲ್ಲಿನ ಫ್ರೀಕ್ವೆನ್ಸಿಗಳೆಲ್ಲ ಮೆಗಾಹರ್ಟ್ಸ್‌ನಲ್ಲಿ; ಎಲ್‌ಎನ್‌ಬಿ ತನ್ನ ಈ ಅಂಕಿಯಷ್ಟು ಕಳೆದು ಕೇಬಲ್‌ಗೆ ಕಳಿಸುತ್ತದೆ). ಫ್ರೀ ಡಿಶ್‌ನ 11090 ಫ್ರೀಕ್ವೆನ್ಸಿಯಿಂದ 9750 ಕಳೆದರೆ 1340. ಟ್ಯೂನರ್ ಹಿಡಿಯುವುದು 950ರಿಂದ 2150ರ ನಡುವೆ, ಹಾಗಾಗಿ ಸರಿಹೋಗುತ್ತದೆ. ಬೇರೆ ಡಿಟಿಎಚ್‌ನ ಹಳೇ ಡಿಶ್‌ನಲ್ಲಿ ಬರೀ 10600ರ ಎಲ್‌ಎನ್‌ಬಿ ಇದ್ದರೆ ಬರುವುದು 490. ಎಷ್ಟು ತಿರುಗಿಸಿದರೂ ಏನೂ ಸಿಗದು, ಎಲ್‌ಎನ್‌ಬಿಯನ್ನೇ ಬದಲಾಯಿಸಿ. ಸ್ಕ್ಯಾನ್‌ನಲ್ಲಿ ಕೇಳುವ ಸಿಂಬಲ್ ರೇಟ್ (ಡೇಟಾ ಬರುವ ವೇಗ) 29500. ನಮ್ಮ ಕಡೆಯಿಂದ ಡಿಶ್ ಆಗ್ನೇಯಕ್ಕೆ ಮುಖ ಮಾಡಿ, ಚೆನ್ನಾಗಿ ಮೇಲಕ್ಕೆ ನೋಡಬೇಕು.

ಚಿತ್ರದ ಗುಣಮಟ್ಟದಲ್ಲಿ ಕಾರ್ಡ್‌ಗೂ ಡಬ್ಬಿಗೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಇರಲು ಸಾಧ್ಯವೂ ಇಲ್ಲ, ಎರಡೂ ಮೇಲಿಂದ ಬಂದ ಡೇಟಾವನ್ನು ಹಾಗೇ ಕೊಡುತ್ತವೆ. ಜೋರು ಮಳೆ ಬಂದರೆ ಎರಡೂ ಸೋಲುತ್ತವೆ.

ಒಂದೇ ಟ್ಯೂನರ್ ಸಾಕಾ? ನನಗೆ ಸಾಕು. ಒಂದು ಫ್ರೀಕ್ವೆನ್ಸಿಯಲ್ಲಿ ಹಲವು ಚಾನೆಲ್‌ಗಳು ಒಟ್ಟಿಗೆ ಬರುತ್ತವೆ. ಟಿವಿಹೆಡ್‌ಎಂಡ್ ಅನ್ನುವ ಟಿವಿ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಂಡರೆ ಅಷ್ಟನ್ನೂ ಒಂದೇ ಟ್ಯೂನರ್‌ನಿಂದ ಏಕಕಾಲಕ್ಕೆ ರೆಕಾರ್ಡ್ ಮಾಡಬಹುದು, ಮನೆಯ ಬೇರೆ ಫೋನು, ಟಿವಿಗಳಿಗೂ ಕಳಿಸಬಹುದು. ಎಂಪೆಗ್-2 ಅನ್ನುವ ಹಳೇ ವಿಡಿಯೊ ಮಾದರಿಯ ಚಾನೆಲ್ ಆದರೆ ಗಂಟೆಗೆ ಸುಮಾರು ಒಂದು ಜಿಬಿ ಜಾಗ. ಬೇರೆ ಬೇರೆ ಫ್ರೀಕ್ವೆನ್ಸಿಯ ಎರಡು ಚಾನೆಲ್ ಒಟ್ಟಿಗೆ ಬೇಕಾದರೆ ಮಾತ್ರ ಕಾರ್ಡಿನ ಎರಡನೇ ಟ್ಯೂನರ್ ಕೆಲಸಕ್ಕೆ ಬರುತ್ತದೆ.

ಈಸಿಕ್ಯಾಪ್ ದಾರಿ ಅಗ್ಗ, ಕೆಲವು ನೂರು ರೂಪಾಯಿ. ಆದರೆ ಅದೇ ಹೆಸರಿನ ಡಬ್ಬಿಯಲ್ಲಿ ಎಸ್‌ಟಿಕೆ1160 ಚಿಪ್ ಇರಬಹುದು, ಯುಟಿವಿ007 ಚಿಪ್ ಇರಬಹುದು, ತೆರೆದು ನೋಡಿದರೆ ಗೊತ್ತು. ಚಾನೆಲ್ ಬದಲಾಯಿಸಲು ಬಾಕ್ಸ್‌ನ ರಿಮೋಟೇ ಬೇಕು. ರೆಕಾರ್ಡ್ ಆಗುತ್ತಿರುವಾಗ ಅಮ್ಮ ಚಾನೆಲ್ ಒತ್ತಿದರೆ ಅರ್ಧ ವಾರ್ತೆ, ಅರ್ಧ ಸಿನಿಮಾ. ಹಳೇ ವಿಡಿಯೊ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಲು ಇಟ್ಟುಕೊಳ್ಳಿ.

ಟಿವಿಗೇ ಅಂತ ಬೇರೆ ಕಂಪ್ಯೂಟರ್ ಇಟ್ಟು, ಡೆಬಿಯನ್ ಸ್ಟೇಬಲ್ (ನಿಧಾನಕ್ಕೆ ಬದಲಾಗುವ ಇನ್ನೊಂದು ಬಗೆಯ ಲಿನಕ್ಸ್) ಹಾಕಿ, ಅಪ್‌ಡೇಟ್ ಯಾವಾಗ ಅಂತ ತಾವೇ ನಿರ್ಧರಿಸುವವರಿಗೆ ಕಾರ್ಡ್ ಖಂಡಿತ ಆಗುತ್ತದೆ. ನನ್ನದನ್ನು ಅಂಥ ಒಬ್ಬ ಗೆಳೆಯನಿಗೇ ಅರ್ಧ ಬೆಲೆಗೆ ಕೊಟ್ಟೆ, ಚೆನ್ನಾಗಿ ಓಡುತ್ತಿದೆ. ಇರುವ ಒಂದೇ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ನಡೆಯಬೇಕಾದರೆ ಸ್ಲಾಟ್ ಎಲ್ಲಿದೆ, ಡಬ್ಬಿಯೇ ಗತಿ.

ಕೊಳ್ಳುವ ಮುಂಚೆ ಮಾಡೆಲ್ ಹೆಸರಿನ ಜೊತೆ ಹಾರ್ಡ್‌ವೇರ್ ಆವೃತ್ತಿಯನ್ನೂ ಕೇಳಿ. ಟ್ಯೂನರ್ ಮಾರುವವರು ಹೆಸರು ಅದೇ ಇಟ್ಟು ಚಿಪ್ ಬದಲಾಯಿಸುವುದುಂಟು. ಸೆಕೆಂಡ್ ಹ್ಯಾಂಡ್ ಆದರೆ ಲ್ಯಾಪ್‌ಟಾಪ್ ಜೊತೆಗೆ ಒಯ್ದು, ಅಲ್ಲೇ ಚುಚ್ಚಿ, ಕರ್ನಲ್ ಲಾಗ್ ನೋಡಿಕೊಂಡು ದುಡ್ಡು ಕೊಡಿ. ಮನೆಯ ಸೆಟ್‌ಟಾಪ್ ಬಾಕ್ಸ್ ಕೂಡ ಅದೇ ಡಿಶ್‌ನಿಂದ ನಡೆಯಬೇಕಾದರೆ ಎರಡು ಔಟ್‌ಪುಟ್‌ನ ಎಲ್‌ಎನ್‌ಬಿ ಹಾಕಿಸಿ, ಎರಡನೇ ಕೇಬಲ್ ಎಳೆಸಿ. ಕೇಬಲ್ ಟಿವಿಯ ಸ್ಪ್ಲಿಟರ್ ಇಲ್ಲಿ ನಡೆಯುವುದಿಲ್ಲ.