ಟೆಂಪರ್ಡ್ ಗ್ಲಾಸ್ ಕಿತ್ತ ಮೇಲೆ ಗೊತ್ತಾದ ಫೋನು: ಎಸ್24 ಅಲ್ಟ್ರಾ, ಒಂದು ವರ್ಷದ ಬಳಕೆ

ಮೊದಲೇ ಹೇಳಿಬಿಡುತ್ತೇನೆ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಅಲ್ಟ್ರಾ ತಗೊಂಡರೆ ಅದರ ಮೇಲೆ ಇನ್ನೂರು ರೂಪಾಯಿಯ ಟೆಂಪರ್ಡ್ ಗ್ಲಾಸ್ ಹಾಕಿಸಬೇಡಿ. ನಾನು ಹಾಕಿಸಿದ್ದೆ. ನಾಲ್ಕು ತಿಂಗಳು ದಂಡ.

ನಾನು ತುಮಕೂರು ಕಡೆ ಮನೆ ಕಟ್ಟಿಸುವ ಸಣ್ಣ ಕಂಟ್ರಾಕ್ಟರ್. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಬಿಸಿಲಲ್ಲೇ ಇರುತ್ತೇನೆ. ಪ್ರೊಸೆಸರ್ ಯಾವುದು, ಗೇಮ್ ಹೇಗೆ ಓಡುತ್ತದೆ ಅನ್ನುವುದೆಲ್ಲ ಬೇರೆ ಕಡೆ ಓದಿರುತ್ತೀರಿ, ನನ್ನಿಂದ ಬೇಡ. ನನಗೆ ಬೇಕಾಗಿದ್ದು ಒಂದೇ. ಮಟಮಟ ಮಧ್ಯಾಹ್ನ ಸೆಂಟ್ರಿಂಗ್ ಮೇಲೆ ನಿಂತಾಗ ಸ್ಟ್ರಕ್ಚರಲ್ ಡ್ರಾಯಿಂಗ್‌ನ ಪಿಡಿಎಫ್ ಕಣ್ಣಿಗೆ ಕಾಣಬೇಕು. ಅಷ್ಟೇ.

ಹಿಂದಿನ ಫೋನಿನಲ್ಲಿ (ಯಾವ ಕಂಪನಿ ಅನ್ನೋದು ಬೇಡ) ಡ್ರಾಯಿಂಗ್ ತೆಗೆದರೆ ಕಾಣುತ್ತಿದ್ದಿದ್ದು ನನ್ನ ಮುಖ, ಹಿಂದೆ ಆಕಾಶ. ತಲೆ ಮೇಲಿಂದ ಟವೆಲ್ ಇಳಿಬಿಟ್ಟುಕೊಂಡು ಅದರೊಳಗೆ ಫೋನ್ ಹಿಡಿದು ನೋಡುತ್ತಿದ್ದೆ. "ಏನ್ ಸಾರ್, ಹಳೇ ಕಾಲದ ಫೋಟೋ ಸ್ಟುಡಿಯೋದವರ ಥರ" ಅಂತ ಮೇಸ್ತ್ರಿ ನಗುತ್ತಿದ್ದರು. ನಗುವ ವಿಷಯವೇನೂ ಆಗಿರಲಿಲ್ಲ ಬಿಡಿ. ಒಂದು ಸಲ ಬೀಮಿನ ರಿಂಗ್ (ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಕಂಬಿಯ ಬಳೆ) 150 ಎಂಎಂಗೆ ಒಂದು ಅಂತ ಇದ್ದಿದ್ದು ಆ ಪ್ರತಿಫಲನದಲ್ಲಿ 180 ಅಂತ ಕಂಡು, ಅರ್ಧ ಬೀಮ್ ಕಟ್ಟಿ ಮುಗಿದ ಮೇಲೆ ಎಲ್ಲ ಬಿಚ್ಚಿಸಿ ಮತ್ತೆ ಕಟ್ಟಿಸಿದೆ. ಕಂಬಿ ಕಟ್ಟುವ ಹುಡುಗರು ಆವತ್ತು ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ.

ಎಸ್24 ಅಲ್ಟ್ರಾ 2024ರ ಜನವರಿಯಲ್ಲಿ ಬಂದಾಗ ಇಲ್ಲಿ ಶುರುವಿನ ಬೆಲೆ 1,29,999 ರೂಪಾಯಿ. ಅಷ್ಟು ದುಡ್ಡಿಗೆ ನಮ್ಮಲ್ಲಿ ಲೋಡುಗಟ್ಟಲೆ ಜಲ್ಲಿ ಬರುತ್ತದೆ. ಹಾಗಾಗಿ ಒಂದು ವರ್ಷ ಕಾದೆ. 2025ರ ಜನವರಿಯಲ್ಲಿ ಎಸ್25 ಅಲ್ಟ್ರಾ ಬಂತು, ಹಳೆಯದರ ಬೆಲೆ ಇಳಿಯಿತು, ಕಂತಿನಲ್ಲಿ ತಗೊಂಡೆ. ಕಂತು ಇನ್ನೂ ಮುಗಿದಿಲ್ಲ.

ಈಗ ಗ್ಲಾಸಿನ ವಿಷಯಕ್ಕೆ ಬರೋಣ. ಫೋನ್ ತಗೊಂಡ ದಿನವೇ ಕವರ್ ಹಾಕಿಸೋಣ ಅಂತ ಒಂದು ಅಂಗಡಿಗೆ ಹೋದೆ. "ಲಕ್ಷದ ಫೋನು ಸಾರ್, ಗ್ಲಾಸ್ ಇಲ್ದೆ ಹಿಡ್ಕೊಂಡು ಓಡಾಡ್ತೀರಾ?" ಅಂದ ಹುಡುಗ. ನಾನು ಹೂಂ ಅನ್ನುವಷ್ಟರಲ್ಲಿ ಒರೆಸಿ, ಊದಿ, ಅಂಟಿಸಿಯೇಬಿಟ್ಟಿದ್ದ. ಮಾರನೇ ದಿನ ಸೈಟಿನಲ್ಲಿ ಡ್ರಾಯಿಂಗ್ ತೆಗೆದೆ. ಅದೇ ಮುಖ, ಅದೇ ಆಕಾಶ. ಬೆಳಕು ಜಾಸ್ತಿ ಇತ್ತು, ನಿಜ. ಆದರೆ ಟವೆಲ್ ಬಿಡುವಷ್ಟೇನೂ ಇರಲಿಲ್ಲ. ಬೆರಳಚ್ಚು ಬೇರೆ ಮೂರು ಸಲ ಒತ್ತಿದರೆ ಒಂದು ಸಲ ತಗೊಳ್ಳುತ್ತಿತ್ತು. ಇದಕ್ಕಾ ಇಷ್ಟು ಹೊಗಳಿದ್ದು, ಇದಕ್ಕಾ ನಾನು ಕಂತು ಕಟ್ಟುತ್ತಿರುವುದು ಅಂತ ಫೋನನ್ನೇ ಬೈದುಕೊಂಡು ನಾಲ್ಕು ತಿಂಗಳು ಕಳೆದೆ.

ಆಮೇಲೆ ಒಂದು ದಿನ ಬಗ್ಗಿ ಕಾಲಂ ನೋಡುವಾಗ ಶರ್ಟಿನ ಜೇಬಿಂದ ಜಾರಿ ಜಲ್ಲಿ ಮೇಲೆ ಮುಖ ಕೆಳಗಾಗಿ ಬಿತ್ತು. ಎದೆ ಧಸಕ್ ಅಂತು. ಎತ್ತಿ ನೋಡಿದರೆ ಜೇಡರ ಬಲೆ. ಉಗುರು ತೂರಿಸಿ ಮೆಲ್ಲಗೆ ಎಬ್ಬಿಸಿದೆ. ಒಡೆದಿದ್ದು ಮೇಲಿನ ಗ್ಲಾಸ್ ಮಾತ್ರ. ಅದು ಒಂದು ಮೂಲೆಯಿಂದ ಎದ್ದು ಬರುತ್ತಿದ್ದ ಹಾಗೆ ಕೆಳಗಿನ ಪರದೆ ಕಪ್ಪಗೆ, ಮಸಿಯ ಹಾಗೆ, ಬಿಸಿಲಿನ ಸುಳಿವೇ ಇಲ್ಲದೆ ಕಾಣತೊಡಗಿತು. ಅರ್ಧ ಕಿತ್ತ ಗ್ಲಾಸ್ ಹಾಗೇ ಹಿಡಿದುಕೊಂಡು ನಿಂತೆ. ಎಡಗಡೆ ಗ್ಲಾಸ್ ಇರುವ ಭಾಗದಲ್ಲಿ ತೆಂಗಿನಮರ, ಮೋಡ, ನನ್ನ ಟೋಪಿ. ಬಲಗಡೆ ಏನೂ ಇಲ್ಲ, ಬರೀ ಡ್ರಾಯಿಂಗ್.

ಈ ಫೋನಿನ ಮುಂದಿನ ಗಾಜು ಗೊರಿಲ್ಲಾ ಆರ್ಮರ್. ಮಾಮೂಲಿ ಗಾಜಿಗೆ ಹೋಲಿಸಿದರೆ ಪ್ರತಿಫಲನ 75%ರವರೆಗೂ ಕಡಿಮೆ ಅಂತ ತಯಾರಕರ ಲೆಕ್ಕ. ಮಾಮೂಲಿ ಗಾಜಿನ ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 4% ವಾಪಸ್ ಕಳಿಸುತ್ತದೆ. ನಾಲ್ಕೇ ತಾನೇ ಅನ್ನಬೇಡಿ, ಮಧ್ಯಾಹ್ನದ ಸೂರ್ಯನ ನಾಲ್ಕು. ಅದನ್ನು ತಗ್ಗಿಸುವುದು ಗಾಜಿನ ಮೇಲಿನ ತೆಳು ಪದರ. ನಾವು ಅದರ ಮೇಲೆ ಇನ್ನೂರು ರೂಪಾಯಿಯ ಗಾಜು ಅಂಟಿಸಿದರೆ ಆಕಾಶಕ್ಕೆ ಮುಖ ಮಾಡುವುದು ಅದೇ ಅಗ್ಗದ ಗಾಜು. ಒಳಗಿನ ಪದರ ಇದ್ದರೆಷ್ಟು ಬಿಟ್ಟರೆಷ್ಟು. ಬೆರಳಚ್ಚಿನ ಕತೆಯೂ ಹಾಗೇ. ಇದರ ಸೆನ್ಸರ್ ಓದುವುದು ಶಬ್ದದ ಅಲೆಯಿಂದ, ನಡುವೆ ಕೂದಲೆಳೆಯಷ್ಟು ಗಾಳಿ ಸಿಕ್ಕಿದರೂ ಅದಕ್ಕೆ ಕುರುಡು. ಪ್ರತಿಫಲನ ತಡೆಯುವ ಫಿಲ್ಮ್‌ಗಳೇ ಬೇರೆ ಸಿಗುತ್ತವೆ, ದುಬಾರಿ. ಹಾಕಿಸಲೇಬೇಕು ಅನ್ನುವವರು ಅದನ್ನು ಹಾಕಿಸಿ.

ಆವತ್ತಿಂದ ಬರೀ ಮೈಯಲ್ಲೇ ಓಡಾಡುತ್ತಿದೆ ಫೋನು. ಮೂರು ಗೀರು ಬಿದ್ದಿವೆ, ಮೂರೂ ನನ್ನ ತಪ್ಪೇ. ಎಂ ಸ್ಯಾಂಡ್ ಅಂದರೆ ಕಲ್ಲಿನ ಪುಡಿ, ಅದರ ಕಣಕ್ಕೆ ಗಾಜು ಗೀರುವ ಗಟ್ಟಿತನ ಇದೆ. ಮರಳು ಮೆತ್ತಿದ ಜೇಬಿಗೆ ಫೋನ್ ತುರುಕಿದರೆ ಯಾವ ಆರ್ಮರ್ ಏನು ಮಾಡೀತು? ಟವೆಲ್ ಈಗ ಬೆವರು ಒರೆಸಲು ಮಾತ್ರ.

ಎರಡನೇ ಸಂತೋಷ ಫೋನಿನ ಹೊಟ್ಟೆಯೊಳಗೇ ಇರುವ ಪೆನ್ನು. ಇದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಬೆಳಿಗ್ಗೆ ಸೈಟಿಗೆ ಬಂದ ತಕ್ಷಣ ಟೀ ಬರುವ ಮುಂಚೆ ನನ್ನದೊಂದು ಪೂಜೆ ಇದೆ. ಟಕ್ ಅಂತ ಪೆನ್ನು ಒತ್ತಿ ಎಳೆಯುತ್ತೇನೆ. ಪರದೆ ಆಫ್ ಇದ್ದ ಹಾಗೇ ಕಪ್ಪು ಹಲಗೆಯಂತೆ ತೆರೆದುಕೊಳ್ಳುತ್ತದೆ. ಗಾರೆ ಕೆಲಸದವರು ಎಷ್ಟು ಜನ, ಆಳು ಎಷ್ಟು, ಸಿಮೆಂಟ್ ಎಷ್ಟು ಮೂಟೆ ಉಳಿದಿದೆ, ಕ್ಯೂರಿಂಗ್‌ಗೆ ನೀರು ಬಿಟ್ಟರಾ ಇಲ್ಲವಾ, ಎಲ್ಲ ಗೀಚಿ ಮತ್ತೆ ಪೆನ್ನು ಒಳಗೆ ತಳ್ಳುತ್ತೇನೆ. ಲಾಕ್ ತೆಗೆಯುವ ಕೆಲಸವೇ ಇಲ್ಲ. ತಾನಾಗಿಯೇ ಉಳಿದಿರುತ್ತದೆ. ಶನಿವಾರ ಬಟವಾಡೆ ಮಾಡುವಾಗ ಆರು ದಿನದ ಆರು ಚೀಟಿ ತೆಗೆದು ಎದುರಿಗೇ ತೋರಿಸುತ್ತೇನೆ. "ನಾನು ಬುಧವಾರ ಬಂದಿದ್ದೆ ಸಾರ್" ಅನ್ನುವ ವಾದ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ನನ್ನ ಹೆಂಡತಿ ಮಾತ್ರ "ಇದೇ ಕೆಲಸ ಇಪ್ಪತ್ತು ರೂಪಾಯಿ ನೋಟ್‌ಬುಕ್ ಮಾಡ್ತಿತ್ತಲ್ವಾ" ಅಂತಾಳೆ. ಮಾಡ್ತಿತ್ತು. ಮಳೆಯಲ್ಲಿ ಎರಡು ನೋಟ್‌ಬುಕ್ ಪಾಯಸ ಆಗಿದ್ದೂ ಉಂಟು.

ಪೆನ್ನಿನ ಗುಂಡಿ ಒತ್ತಿದರೆ ದೂರದಿಂದ ಫೋಟೋನೂ ಬರುತ್ತದೆ. ಮೋಲ್ಡ್ ಹಾಕಿದ ದಿನ ಫೋನನ್ನು ಇಟ್ಟಿಗೆ ರಾಶಿಗೆ ಒರಗಿಸಿ, ಎಲ್ಲರ ನಡುವೆ ನಿಂತು ಒತ್ತುತ್ತೇನೆ. ಎಸ್25 ಅಲ್ಟ್ರಾದ ಪೆನ್ನಿನಿಂದ ಇದಕ್ಕೆ ಬೇಕಾದ ಬ್ಲೂಟೂತ್ ತೆಗೆದುಹಾಕಿದರು, ಅದಕ್ಕೆ ಬಹಳ ಜನ ಸಿಟ್ಟಾದರು. ನನಗಂತೂ ಹಳೆಯದನ್ನೇ ತಗೊಳ್ಳಲು ಅದೊಂದು ನೆಪವಾಯಿತು.

ಕ್ಯಾಮೆರಾ ಬಗ್ಗೆ ಇದು ಬಂದಾಗ ದೊಡ್ಡ ಗಲಾಟೆ ಆಗಿತ್ತು. ಹಿಂದಿನ ಮಾಡೆಲ್‌ನಲ್ಲಿದ್ದ 10 ಪಟ್ಟು ಜೂಮ್ ಲೆನ್ಸ್ ತೆಗೆದು 5 ಪಟ್ಟಿನದು ಹಾಕಿದ್ದಾರೆ ಅಂತ. ಆದರೆ ಇದು 50 ಮೆಗಾಪಿಕ್ಸೆಲ್‌ನದು. ನನ್ನ ಒಂದು ಸೈಟಿನ ಮಾಲೀಕರು ಅಮೆರಿಕದಲ್ಲಿದ್ದಾರೆ, ಕನ್ನಡದವರೇ, ವಾರಕ್ಕೆರಡು ಸಲ ಫೋಟೋ ಬೇಕು ಅವರಿಗೆ. ರಸ್ತೆಯಲ್ಲಿ ನಿಂತು ಮೂರನೇ ಮಹಡಿಯ ಲಿಂಟಲ್ ಹಿಡಿದರೆ ಪಟ್ಟಿಯ ಕಂಬಿ ಎಣಿಸುವಷ್ಟು ಬರುತ್ತದೆ. ಅವರು ಎಣಿಸುತ್ತಾರೆ ಕೂಡ.

ಬಣ್ಣ ಸಪ್ಪೆ ಅಂತ ಶುರುವಿನಲ್ಲಿ ದೂರು ಬಂದಿದ್ದಕ್ಕೆ ಅಪ್‌ಡೇಟ್‌ನಲ್ಲಿ ಬಣ್ಣ ಹೆಚ್ಚಿಸುವ ಆಯ್ಕೆ ಕೊಟ್ಟರಂತೆ, ನಾನು ಅದನ್ನು ಮುಟ್ಟಿಲ್ಲ. ಎಐ ಅಂತ ಜೋರು ಪ್ರಚಾರ ಇತ್ತಲ್ಲ, ಫೋನ್ ಕರೆಯಲ್ಲೇ ಅನುವಾದ ಮಾಡುವುದು, ಬಿಡುಗಡೆಯಾದಾಗ ಅದರಲ್ಲಿದ್ದ 13 ಭಾಷೆಗಳಲ್ಲಿ ಹಿಂದಿ ಇತ್ತು, ಕನ್ನಡ ಇರಲಿಲ್ಲ. ಕಂಬಿ ಕಟ್ಟುವ ಬಿಹಾರದ ಹುಡುಗರ ಜೊತೆ ನನ್ನದು ಮೊದಲಿನಿಂದಲೂ ಹರಕುಮುರುಕು ಹಿಂದಿ, ಅವರದು ಹರಕುಮುರುಕು ಕನ್ನಡ. ಕೆಲಸ ನಿಂತಿಲ್ಲ. ಏಳು ವರ್ಷ ಅಪ್‌ಡೇಟ್ ಅಂದಿದ್ದಾರೆ, ಅಂದರೆ 2031. ಸೈಟಿನ ಧೂಳಲ್ಲಿ ನಾನೇ ಅಷ್ಟು ವರ್ಷ ಬಾಳಿದರೆ ಸಾಕು. ತೂಕ 232 ಗ್ರಾಂ, ಶರ್ಟಿನ ಜೇಬು ಜೋತುಬೀಳುತ್ತದೆ, ಈಗ ಪ್ಯಾಂಟಿನ ಜೇಬಿಗೆ ಬದಲಾಯಿಸಿದ್ದೇನೆ.

ಮೊನ್ನೆ ಬ್ಯಾಕ್ ಕವರ್ ಹರಿದಿದ್ದಕ್ಕೆ ಅದೇ ಅಂಗಡಿಗೆ ಹೋಗಿದ್ದೆ. ಹುಡುಗ ಫೋನ್ ನೋಡಿದವನೇ ಡ್ರಾಯರ್ ಎಳೆದ. ನಾನು ಫೋನ್ ವಾಪಸ್ ಕಿತ್ತುಕೊಂಡೆ.

ಸೈಟಿನಲ್ಲಿ ಈಗ ಡ್ರಾಯಿಂಗ್ ನೋಡಬೇಕಾದರೆ ಮೇಸ್ತ್ರಿಯವರೇ ಬಂದು ಫೋನ್ ಕೇಳುತ್ತಾರೆ. "ಕೈ ಒರೆಸ್ಕೊಳ್ಳಿ ಮೇಸ್ತ್ರಿ" ಅಂತೀನಿ. ಅವರು ಪಾಪ ನೀಟಾಗಿ ಲುಂಗಿಗೆ ಒರೆಸಿಕೊಂಡು ಕೈ ಚಾಚುತ್ತಾರೆ. ಆ ಲುಂಗಿಯಲ್ಲೇ ಅರ್ಧ ಬಾಂಡ್ಲಿ ಮರಳಿರುತ್ತದೆ.