‘ಲಾಗ್ ಇಡುವುದಿಲ್ಲ’ ಎನ್ನುವವರ ಆಡಿಟ್: ಮುಲ್ವಾಡ್ ಮತ್ತು ಪ್ರೋಟಾನ್ ವಿಪಿಎನ್ ಬಳಸಿ ನೋಡಿದ ಮೇಲೆ

ನಾನು ಮೈಸೂರಿನವಳು, ವೃತ್ತಿಯಿಂದ ಚಾರ್ಟರ್ಡ್ ಅಕೌಂಟೆಂಟ್. ಕಂಪನಿಯವರು ‘ಇಂಥದ್ದು ನಮ್ಮಲ್ಲಿ ಇಲ್ಲವೇ ಇಲ್ಲ’ ಅಂದಾಗ, ಇಲ್ಲ ಅನ್ನುವುದಕ್ಕೆ ಪುರಾವೆ ಎಲ್ಲಿದೆ ಎಂದು ಕೇಳುವುದೇ ನನ್ನ ಕೆಲಸ. ಆಡಿಟ್ ನಿಮಿತ್ತ ದುಬೈ, ಮಸ್ಕತ್, ಫ್ರಾಂಕ್‌ಫರ್ಟ್ ಅಂತ ಓಡಾಡುತ್ತೇನೆ. ಲ್ಯಾಪ್‌ಟಾಪಿನಲ್ಲಿ ಬೇರೆಯವರ ಲೆಕ್ಕಪತ್ರ ಇರುತ್ತದೆ, ಸಿಕ್ಕುವುದು ಹೋಟೆಲಿನ ವೈಫೈ. ಹಾಗಾಗಿ ವಿಪಿಎನ್ ಬೇಕಾಯಿತು. ಪ್ರತಿ ವಿಪಿಎನ್ ಕಂಪನಿಯೂ ಮೊದಲ ಸಾಲಿನಲ್ಲೇ ಹೇಳುವ ಮಾತು ‘ನಾವು ಲಾಗ್ ಇಡುವುದಿಲ್ಲ’, ಅಂದರೆ ಯಾರು ಯಾವಾಗ ಎಲ್ಲಿಗೆ ಹೋದರು ಎಂಬ ದಾಖಲೆ ಇಡುವುದಿಲ್ಲ. ಇವರಿಗೂ ನನ್ನ ಮಾಮೂಲಿ ಪ್ರಶ್ನೆಯನ್ನೇ ಹಾಕಿದೆ. ಕೊನೆಗೆ ಉಳಿದುಕೊಂಡದ್ದು ಎರಡು: ಸ್ವೀಡನ್ನಿನ ಮುಲ್ವಾಡ್, ಸ್ವಿಟ್ಜರ್ಲೆಂಡಿನ ಪ್ರೋಟಾನ್. ಎರಡಕ್ಕೂ ನನ್ನ ದುಡ್ಡೇ ಕೊಡುತ್ತಿದ್ದೇನೆ, ಈ ಬರಹಕ್ಕೆ ಯಾರಿಂದಲೂ ಕಮಿಷನ್ ಇಲ್ಲ. ಈ ಮಾತನ್ನು ಯಾಕೆ ಮುಂಚೆಯೇ ಹೇಳಿದೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ವಿಪಿಎನ್ ಮಾಡುವ ಕೆಲಸ ತುಂಬ ಸರಳ. ನಿಮ್ಮ ಫೋನಿನಿಂದ ಹೊರಡುವುದನ್ನೆಲ್ಲ ಗೂಢಲಿಪಿಗೆ ತಿರುಗಿಸಿ ತನ್ನ ಸರ್ವರ್‌ಗೆ ಒಯ್ದು, ಅಲ್ಲಿಂದ ಇಂಟರ್‌ನೆಟ್‌ಗೆ ಬಿಡುತ್ತದೆ. ನೀವು ಯಾವ ತಾಣಕ್ಕೆ ಹೋದಿರಿ ಎನ್ನುವುದು ಹೋಟೆಲಿನವರಿಗಾಗಲೀ ಇಂಟರ್‌ನೆಟ್ ಕಂಪನಿಗಾಗಲೀ ಕಾಣುವುದಿಲ್ಲ. ಆದರೆ ಅದೇ ಮಾಹಿತಿ ಈಗ ವಿಪಿಎನ್ ಕಂಪನಿಯ ಕಣ್ಣ ಮುಂದೆ ಹಾದುಹೋಗುತ್ತದೆ. ನಮ್ಮ ಲೆಕ್ಕದ ಭಾಷೆಯಲ್ಲಿ ಇದೊಂದು ಜರ್ನಲ್ ಎಂಟ್ರಿ: ನಂಬಿಕೆಯನ್ನು ಜಿಯೋ, ಏರ್‌ಟೆಲ್ ಖಾತೆಯಿಂದ ತೆಗೆದು ವಿಪಿಎನ್ ಖಾತೆಗೆ ಹಾಕಿದ್ದೇವೆ, ಮೊತ್ತ ಕಡಿಮೆಯಾಗಿಲ್ಲ. ಬ್ಯಾಂಕಿನ ಪಾಸ್‌ವರ್ಡನ್ನು ಎಚ್‌ಟಿಟಿಪಿಎಸ್, ಅಂದರೆ ತಾಣಕ್ಕೂ ನಿಮಗೂ ನಡುವಿನ ಗೂಢಲಿಪಿ, ಮೊದಲೇ ಕಾಯುತ್ತಿರುತ್ತದೆ, ಅದಕ್ಕೆಂದೇ ವಿಪಿಎನ್ ಕೊಳ್ಳಬೇಕಿಲ್ಲ. ಗೂಗಲ್‌ಗೆ ಲಾಗಿನ್ ಆಗಿ ಹುಡುಕಿದರೆ ಗೂಗಲ್‌ಗೆ ನೀವು ಯಾರೆಂದು ಗೊತ್ತೇ ಇರುತ್ತದೆ, ಅದನ್ನು ಯಾವ ವಿಪಿಎನ್ನೂ ಮರೆಸಲಾರದು.

ಮುಲ್ವಾಡ್‌ಗೆ ಸೇರುವಾಗ ಹೆಸರಿಲ್ಲ, ಇಮೇಲ್ ಇಲ್ಲ, ಫೋನ್ ನಂಬರಿಲ್ಲ. ಬಟನ್ ಒತ್ತಿದರೆ 16 ಅಂಕಿಗಳ ಒಂದು ಖಾತೆ ಸಂಖ್ಯೆ ಬರುತ್ತದೆ, ಅಷ್ಟೇ ನಿಮ್ಮ ಗುರುತು. ಆ ಸಂಖ್ಯೆಯನ್ನು ಜೋಪಾನವಾಗಿ ಬರೆದಿಟ್ಟುಕೊಳ್ಳಿ. ದರ ತಿಂಗಳಿಗೆ 5 ಯೂರೊ, ಹೆಚ್ಚುಕಡಿಮೆ ಐನೂರು ರೂಪಾಯಿ. 2009ರಲ್ಲಿ ಶುರುವಾದಾಗಿನಿಂದ ಅದೇ ದರ. ‘ಇವತ್ತು ಮಾತ್ರ ಶೇಕಡಾ ಎಂಬತ್ತು ರಿಯಾಯಿತಿ’ ಅನ್ನುವ ಗಡಿಯಾರ ಅಲ್ಲಿ ಓಡುವುದಿಲ್ಲ. ಲಕೋಟೆಯಲ್ಲಿ ನೋಟು ಹಾಕಿ ಅಂಚೆಯಲ್ಲಿ ಕಳಿಸಿದರೂ ತೆಗೆದುಕೊಳ್ಳುತ್ತಾರೆ. ನಾನು ಕಾರ್ಡಿನಲ್ಲೇ ಕಟ್ಟುತ್ತೇನೆ, ನನ್ನ ಅಗತ್ಯಕ್ಕೆ ಅಷ್ಟು ಸಾಕು. 2022ರಿಂದ ಅವರು ತಾನಾಗಿ ನವೀಕರಣವಾಗುವ ಚಂದಾವನ್ನೂ ಕೈಬಿಟ್ಟರು. ಚಂದಾ ಇದ್ದರೆ ಪಾವತಿಯ ವಿವರ ಹೆಚ್ಚು ಕಾಲ ಇಟ್ಟುಕೊಳ್ಳಬೇಕಾಗುತ್ತದೆ, ಅದೇ ಬೇಡ ಎನ್ನುವುದು ಅವರ ಕಾರಣ. ಗಿರಾಕಿ ನವೀಕರಿಸಲು ಮರೆತರೆ ಕಂಪನಿಗೇ ನಷ್ಟ, ಆದರೂ ಹೀಗೆ ಮಾಡಿದ್ದು ನನಗೆ ತುಂಬ ಹಿಡಿಸಿತು.

ಆದರೆ ನಾನು ಮುಲ್ವಾಡ್ ಕಡೆ ವಾಲಿದ್ದು 2023ರ ಏಪ್ರಿಲ್ 18ರ ಘಟನೆಯಿಂದ. ಅಂದು ಸ್ವೀಡನ್ ಪೊಲೀಸರು ಶೋಧನಾ ವಾರಂಟ್ ಹಿಡಿದು ಗಾಟೆನ್‌ಬರ್ಗ್‌ನಲ್ಲಿರುವ ಅವರ ಕಚೇರಿಗೆ ಬಂದರು. ಗ್ರಾಹಕರ ಮಾಹಿತಿ ಇರುವ ಕಂಪ್ಯೂಟರುಗಳನ್ನು ವಶಪಡಿಸಿಕೊಳ್ಳುವುದು ಉದ್ದೇಶ. ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ, ನೀವು ಹುಡುಕುತ್ತಿರುವುದು ಯಾಕೆ ಇಲ್ಲಿ ಸಿಗಲಾರದು, ಇಲ್ಲದ್ದನ್ನು ಹುಡುಕಿ ಯಂತ್ರ ಒಯ್ಯುವುದು ಯಾಕೆ ಕಾನೂನುಬಾಹಿರ ಎಂದು ಸಿಬ್ಬಂದಿ ವಿವರಿಸಿದ ಮೇಲೆ ಪೊಲೀಸರು ಏನನ್ನೂ ಒಯ್ಯದೆ ಹಿಂದಿರುಗಿದರು. ಗೋದಾಮಿನ ದಾಸ್ತಾನು ನೋಡಲು ನಾವು ಹೇಳದೇ ಕೇಳದೇ ಹೋಗುವುದುಂಟು. ಅಂಥ ಭೇಟಿಯಲ್ಲಿ ಕಂಡದ್ದಕ್ಕೆ ಇರುವ ಬೆಲೆ ಕಂಪನಿ ತಾನೇ ತಯಾರಿಸಿ ಕೊಟ್ಟ ಪಟ್ಟಿಗೆ ಇರುವುದಿಲ್ಲ.

‘ಇಂಡಿಪೆಂಡೆಂಟ್ ಆಡಿಟ್ ಆಗಿದೆ’ ಎಂಬ ಬ್ಯಾಡ್ಜ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಇದು ನನ್ನ ಅಂಗಳ. ದೊಡ್ಡ ವಿಪಿಎನ್‌ಗಳು ಪಿಡಬ್ಲ್ಯೂಸಿ, ಡೆಲಾಯ್ಟ್, ಕೆಪಿಎಂಜಿಯಂಥ ಸಂಸ್ಥೆಗಳಿಂದ ವರದಿ ಮಾಡಿಸುತ್ತವೆ. ಸಾಮಾನ್ಯವಾಗಿ ಬಳಕೆಯಾಗುವುದು ಐಎಸ್‌ಎಇ 3000 ಎಂಬ ಮಾನದಂಡ. ವರದಿ ಸುಳ್ಳಲ್ಲ, ಆದರೆ ಅದನ್ನು ಓದುವ ಕ್ರಮ ಇದೆ. ಯಾವ ದಿನಾಂಕಕ್ಕೆ ಅನ್ವಯ? ಟೈಪ್ ಒಂದು ವರದಿಯಾದರೆ ಆ ಒಂದು ದಿನದ ಸ್ಥಿತಿ ಮಾತ್ರ, ಮಾರನೆಯ ದಿನದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಯಾವ ಸರ್ವರ್‌ಗಳನ್ನು ನೋಡಿದರು? ಆಡಿಟರ್‌ಗೆ ಫೀಸು ಕೊಟ್ಟವರು ಯಾರು? ಪೂರ್ತಿ ವರದಿ ಯಾರಾದರೂ ಓದಬಹುದೋ, ಗ್ರಾಹಕರಾದ ಮೇಲೆ ಮಾತ್ರವೋ? ಒಂದೇ ಒಂದು ಹಳೇ ವರದಿಗಿಂತ ವರ್ಷವರ್ಷವೂ ಮರಳಿ ಮಾಡಿಸುವ ಕಂಪನಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಪ್ರೋಟಾನ್ 2022ರಿಂದ ಪೋಲೆಂಡಿನ ಸೆಕ್ಯೂರಿಟಮ್ ಸಂಸ್ಥೆಯಿಂದ ಲಾಗ್ ಇಲ್ಲ ಎನ್ನುವುದನ್ನು ಪರೀಕ್ಷೆ ಮಾಡಿಸಿ ವರದಿಗಳನ್ನು ಪ್ರಕಟಿಸುತ್ತ ಬಂದಿದೆ. ಅದರ ಆ್ಯಪ್‌ಗಳ ಮೂಲ ಕೋಡ್ 2020ರಿಂದ ಎಲ್ಲರಿಗೂ ತೆರೆದಿದೆ.

ವರದಿಯೇ ಇಲ್ಲದ ಕಾಲದ ಕಥೆಗಳನ್ನೂ ತಿಳಿದಿರಬೇಕು. 2011ರಲ್ಲಿ ಹೈಡ್‌ಮೈಆ್ಯಸ್ ಎಂಬ ಬ್ರಿಟನ್ನಿನ ವಿಪಿಎನ್ ಕೋರ್ಟ್ ಆದೇಶದ ಮೇಲೆ ತನ್ನ ಗ್ರಾಹಕನೊಬ್ಬನ ಸಂಪರ್ಕದ ದಾಖಲೆಗಳನ್ನು ಕೊಟ್ಟಿತು, ಲಲ್ಜ್‌ಸೆಕ್ ಎಂಬ ಹ್ಯಾಕರ್ ಗುಂಪಿನ ಪ್ರಕರಣದಲ್ಲಿ. ದಾಖಲೆ ಇತ್ತು, ಕೊಟ್ಟರು. 2020ರಲ್ಲಿ ಹಾಂಗ್‌ಕಾಂಗ್‌ನ ಯುಎಫ್‌ಒ ವಿಪಿಎನ್, ಲಾಗ್ ಇಲ್ಲ ಎಂದು ಸಾರುತ್ತಲೇ, ಬಳಕೆದಾರರ ಲಾಗ್‌ಗಳನ್ನು ಪಾಸ್‌ವರ್ಡಿಲ್ಲದ ಸರ್ವರ್‌ನಲ್ಲಿ ತೆರೆದಿಟ್ಟದ್ದು ಪತ್ತೆಯಾಯಿತು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ: ಟರ್ಕಿಯಲ್ಲಿ ರಷ್ಯಾದ ರಾಯಭಾರಿ ಆಂದ್ರೇ ಕಾರ್ಲೋವ್ ಹತ್ಯೆಯ ತನಿಖೆಗಾಗಿ ಅಲ್ಲಿನ ಅಧಿಕಾರಿಗಳು ಎಕ್ಸ್‌ಪ್ರೆಸ್‌ವಿಪಿಎನ್‌ನ ಸರ್ವರ್ ಜಪ್ತಿ ಮಾಡಿದರು, ಒಳಗೆ ಉಪಯೋಗಕ್ಕೆ ಬರುವಂಥದ್ದು ಸಿಗಲಿಲ್ಲ.

ಹಾಗಿದ್ದರೆ ಎಕ್ಸ್‌ಪ್ರೆಸ್‌ವಿಪಿಎನ್ಅನ್ನೇ ಯಾಕೆ ಆರಿಸಲಿಲ್ಲ? ಮಾಲೀಕತ್ವದ ಕಾರಣಕ್ಕೆ. 2021ರಲ್ಲಿ ಅದನ್ನು ಕೇಪ್ ಟೆಕ್ನಾಲಜೀಸ್ 93.6 ಕೋಟಿ ಡಾಲರಿಗೆ ಕೊಂಡಿತು. ಸೈಬರ್‌ಘೋಸ್ಟ್, ಪ್ರೈವೇಟ್ ಇಂಟರ್‌ನೆಟ್ ಆ್ಯಕ್ಸೆಸ್ ಕೂಡ ಕೇಪ್‌ನವೇ. ಅದೇ 2021ರಲ್ಲಿ ವಿಪಿಎನ್‌ಮೆಂಟರ್, ವಿಜ್‌ಕೇಸ್ ಎಂಬ ವಿಪಿಎನ್ ವಿಮರ್ಶೆಯ ತಾಣಗಳನ್ನು ನಡೆಸುವ ಕಂಪನಿಯನ್ನೂ ಕೇಪ್ ಕೊಂಡಿತು. ಅಂದರೆ ‘ಅತ್ಯುತ್ತಮ ಹತ್ತು ವಿಪಿಎನ್’ ಎಂದು ಹುಡುಕಿ ಓದುವವರು, ಮಾರುವವರೇ ಮಾಲೀಕರಾಗಿರುವ ಪಟ್ಟಿಯನ್ನು ಓದುತ್ತಿರಬಹುದು. ಆಡಿಟರ್ ತಾನು ಪರೀಕ್ಷಿಸುವ ಕಂಪನಿಯ ಷೇರು ಇಟ್ಟುಕೊಳ್ಳುವಂತಿಲ್ಲ ಎಂಬ ನಿಯಮದಲ್ಲಿ ಬೆಳೆದವಳಿಗೆ ಇದನ್ನು ಒಪ್ಪಿಕೊಳ್ಳಲು ಸಾಧ್ಯವೇ ಇಲ್ಲ. ಉಳಿದ ವಿಮರ್ಶೆಗಳಲ್ಲೂ ಲಿಂಕ್ ಒತ್ತಿ ಕೊಂಡರೆ ಬರೆದವರಿಗೆ ಪಾಲು ಹೋಗುತ್ತದೆ. ಮುಲ್ವಾಡ್ ಇಂಥ ಕಮಿಷನ್ ಕೊಡುವುದಿಲ್ಲ, ಪಟ್ಟಿಗಳಲ್ಲಿ ಅದರ ಹೆಸರು ಮೇಲೆ ಕಾಣದಿದ್ದರೆ ಆಶ್ಚರ್ಯಪಡಬೇಡಿ.

ಪುಕ್ಕಟೆ ವಿಪಿಎನ್ ಬಗ್ಗೆ ನನ್ನ ಮಾತು ಚಿಕ್ಕದು. ಫೇಸ್‌ಬುಕ್ ಒಡೆತನದ ಒನಾವೊ ‘ರಕ್ಷಣೆ’ಯ ಹೆಸರಿನಲ್ಲಿ ಜನ ಯಾವ ಆ್ಯಪ್ ಎಷ್ಟು ಬಳಸುತ್ತಾರೆಂದು ತಿಳಿದುಕೊಳ್ಳುತ್ತಿತ್ತು, 2018ರಲ್ಲಿ ಅದು ಆ್ಯಪಲ್ ಸ್ಟೋರ್‌ನಿಂದ ಹೊರಬಿತ್ತು. ಹೋಲಾ ತನ್ನ ಬಳಕೆದಾರರ ಇಂಟರ್‌ನೆಟ್ ಸಂಪರ್ಕವನ್ನೇ ಬೇರೆಯವರಿಗೆ ಮಾರುತ್ತಿದ್ದುದು 2015ರಲ್ಲಿ ಬಯಲಾಯಿತು. ದುಡ್ಡೇ ಕೊಡಲಾಗದವರಿಗೆ ನಾನು ಹೇಳುವ ಒಂದೇ ಹೆಸರು ಪ್ರೋಟಾನ್‌ನ ಉಚಿತ ಆವೃತ್ತಿ. ಡೇಟಾ ಮಿತಿ ಇಲ್ಲ, ಜಾಹೀರಾತಿಲ್ಲ. ಒಂದೇ ಸಾಧನ, ದೇಶ ನೀವು ಆರಿಸುವಂತಿಲ್ಲ. ಅದರ ಖರ್ಚು ನನ್ನಂಥ ಚಂದಾದಾರರಿಂದ ಬರುತ್ತದೆ ಎಂದು ಕಂಪನಿ ಬಾಯಿಬಿಟ್ಟು ಹೇಳುತ್ತದೆ. ಆದಾಯದ ಮೂಲ ಗೊತ್ತಿರುವ ಉಚಿತವನ್ನು ನಾನು ಒಪ್ಪುತ್ತೇನೆ. ಓದುತ್ತಿರುವ ಮಗಳ ಫೋನಿನಲ್ಲಿ ಅದನ್ನೇ ಹಾಕಿದ್ದೇನೆ.

ಪ್ರೋಟಾನ್ ವಿಷಯದಲ್ಲಿ ತಕ್ಕಡಿಯ ಎರಡೂ ಕಡೆ ಇಡಬೇಕು. 2021ರಲ್ಲಿ ಫ್ರಾನ್ಸಿನ ಹವಾಮಾನ ಹೋರಾಟಗಾರರೊಬ್ಬರ ಪ್ರಕರಣದಲ್ಲಿ, ಸ್ವಿಸ್ ಆದೇಶಕ್ಕೆ ಮಣಿದು ಪ್ರೋಟಾನ್ ಮೇಲ್ ಆ ಖಾತೆಯ ಐಪಿ ವಿಳಾಸವನ್ನು (ಇಂಟರ್‌ನೆಟ್‌ನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ದಾಖಲಿಸಿ ಕೊಟ್ಟಿತು. ಅದು ಇಮೇಲ್ ಸೇವೆ. ಸ್ವಿಸ್ ಕಾನೂನು ವಿಪಿಎನ್ನನ್ನು ಬೇರೆಯಾಗಿ ಕಾಣುತ್ತದೆ. 2019ರಲ್ಲಿ ಪ್ರೋಟಾನ್ ವಿಪಿಎನ್‌ಗೂ ಕೋರ್ಟ್ ಒಪ್ಪಿದ ಒಂದು ಕೋರಿಕೆ ಬಂದಿತ್ತು, ಗ್ರಾಹಕರ ಐಪಿ ಮಾಹಿತಿಯೇ ಇಲ್ಲವಾದ್ದರಿಂದ ಕೊಡಲಾಗಲಿಲ್ಲ ಎಂದು ಅವರ ಪಾರದರ್ಶಕತೆ ವರದಿಯಲ್ಲಿದೆ. ಒಂದೇ ಕಂಪನಿ, ಎರಡು ಸೇವೆ, ಎರಡು ಫಲ. ಕಾನೂನು ಬದಲಾದರೆ ಫಲವೂ ಬದಲಾಗಬಹುದು, ಆದ್ದರಿಂದ ಸ್ವಿಸ್ ಎಂಬ ಹೆಸರಿಗಷ್ಟೇ ನಾನು ಮರುಳಾಗುವುದಿಲ್ಲ.

ನಮ್ಮ ದೇಶದ ನಿಯಮ ಗೊತ್ತಿಲ್ಲದೆ ವಿಪಿಎನ್ ಕೊಳ್ಳಬೇಡಿ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಕಂಪನಿಗಳು ಗ್ರಾಹಕರ ಪರಿಶೀಲಿಸಿದ ಹೆಸರು, ವಿಳಾಸ, ಫೋನು, ಕೊಟ್ಟ ಐಪಿ, ಬಳಸುವ ಉದ್ದೇಶ ಇವನ್ನೆಲ್ಲ 5 ವರ್ಷ ಇಟ್ಟುಕೊಳ್ಳಬೇಕು. ಆ ವರ್ಷವೇ ಎಕ್ಸ್‌ಪ್ರೆಸ್, ಸರ್ಫ್‌ಶಾರ್ಕ್, ನಾರ್ಡ್, ಪ್ರೋಟಾನ್ ಎಲ್ಲವೂ ಭಾರತದಲ್ಲಿದ್ದ ಸರ್ವರ್‌ಗಳನ್ನು ತೆಗೆದವು. ಈಗ ಪ್ರೋಟಾನ್‌ನಲ್ಲಿ ‘ಇಂಡಿಯಾ’ ಎಂದು ಕಾಣುವುದು ಹೊರದೇಶದಲ್ಲಿರುವ ಯಂತ್ರ, ಐಪಿ ವಿಳಾಸ ಮಾತ್ರ ಭಾರತದ್ದು. ಮುಲ್ವಾಡ್‌ನ ಪಟ್ಟಿಯಲ್ಲಿ ಭಾರತವೇ ಇಲ್ಲ. ನಮ್ಮ ಆಫೀಸಿನಂಥ ಕಡೆ ಸಿಬ್ಬಂದಿಗೆಂದೇ ಇರುವ ಕಾರ್ಪೊರೇಟ್ ವಿಪಿಎನ್‌ಗೆ ಈ ನಿಯಮ ತಾಗುವುದಿಲ್ಲ. ಇಲ್ಲಿ ವಿಪಿಎನ್ ಬಳಸುವುದೇ ಅಪರಾಧ ಎಂದು ದೇಶಕ್ಕೆಲ್ಲ ಅನ್ವಯಿಸುವ ಕಾನೂನಿಲ್ಲ, ಆದರೆ 2025ರ ಆರಂಭದಲ್ಲಿ ಸರ್ಕಾರದ ಆದೇಶದ ಮೇರೆಗೆ ಆ್ಯಪಲ್, ಗೂಗಲ್ ಸ್ಟೋರ್‌ಗಳಿಂದ ಕೆಲವು ವಿಪಿಎನ್ ಆ್ಯಪ್‌ಗಳು ಮಾಯವಾದವು. ಪ್ರಯಾಣ ಹೊರಡುವವರು ಆ್ಯಪ್ ಹಾಕಿಕೊಂಡು, ಲಾಗಿನ್ ಆಗಿ, ಒಮ್ಮೆ ಓಡಿಸಿ ನೋಡಿಯೇ ವಿಮಾನ ಹತ್ತಿ.

ದುಬೈಗೆ ಹೋಗುವ ನಮ್ಮ ಕರಾವಳಿಯವರು, ಮಲೆನಾಡಿನವರು ನನ್ನನ್ನು ಹೆಚ್ಚು ಕೇಳುವುದು ವಾಟ್ಸ್ಆ್ಯಪ್ ಕರೆಯ ಬಗ್ಗೆ. ಅಲ್ಲಿ ವಾಟ್ಸ್ಆ್ಯಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ವಿಪಿಎನ್ ಹಾಕಿದರೆ ಹೋಗಬಹುದು, ಆದರೆ ನಾನು ಖಂಡಿತ ಹಾಕುವುದಿಲ್ಲ, ನೀವೂ ಹಾಕಬೇಡಿ ಅನ್ನುತ್ತೇನೆ. ಯುಎಇಯ 2021ರ ಸೈಬರ್ ಅಪರಾಧ ಕಾನೂನಿನಲ್ಲಿ, ಐಪಿ ವಿಳಾಸ ಮರೆಮಾಚಿ ಅಪರಾಧ ಎಸಗಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡ, ಜೈಲೂ ಆಗಬಹುದು. ಕಂಪನಿಗಳು ಕೆಲಸಕ್ಕೆ ವಿಪಿಎನ್ ಬಳಸುವುದಕ್ಕೆ ಅಡ್ಡಿಯಿಲ್ಲ. ತಡೆದ ಸೇವೆಯನ್ನು ಅದರಿಂದ ತೆರೆಯುವುದು ಬೇರೆ ಮಾತು. ಸಂಸಾರಕ್ಕೆಂದು ದುಡಿಯಲು ಹೋದವರು ಒಂದು ಕರೆಗಾಗಿ ವೀಸಾವನ್ನೇ ಪಣಕ್ಕಿಡುವುದನ್ನು ನೋಡಲು ನನಗೆ ಸಂಕಟವಾಗುತ್ತದೆ. ಬೋಟಿಮ್‌ನಂಥ ಅನುಮತಿ ಇರುವ ಆ್ಯಪ್ ಇದೆ, ಮನೆಯವರ ಫೋನಿನಲ್ಲೂ ಅದನ್ನೇ ಹಾಕಿಸಿ.

ದಿನನಿತ್ಯದ ಬಳಕೆಯಲ್ಲಿ ಎರಡೂ ಚೆನ್ನಾಗಿವೆ. ಎರಡರಲ್ಲೂ ವೈರ್‌ಗಾರ್ಡ್ ಎಂಬ ವೇಗದ ಸಂಪರ್ಕ ವಿಧಾನ ಇದೆ. ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ವಿಪಿಎನ್ ಸದಾ ಆನ್ ಇರಲಿ, ಅದು ಇಲ್ಲದಾಗ ಸಂಪರ್ಕವೇ ಬೇಡ ಎಂಬ ಎರಡು ಆಯ್ಕೆಗಳಿವೆ; ಇದೇ ಕೆಲಸ ಮಾಡುವ, ಆ್ಯಪ್‌ನೊಳಗಿನ ಕಿಲ್ ಸ್ವಿಚ್‌ಗಿಂತ ಇದರ ಮೇಲೆ ನನಗೆ ಹೆಚ್ಚು ಭರವಸೆ. ಹೋಟೆಲಿನ ಲಾಗಿನ್ ಪುಟ ತೆರೆಯಲು ಮಾತ್ರ ಒಂದು ನಿಮಿಷ ಎರಡನೆಯದನ್ನು ಆಫ್ ಮಾಡಬೇಕಾಗುತ್ತದೆ. ಬ್ಯಾಂಕ್, ಯುಪಿಐ ಆ್ಯಪ್‌ಗಳು ವಿಪಿಎನ್ ಕಂಡರೆ ಎಷ್ಟೋ ಸಲ ಬಾಗಿಲು ಹಾಕಿಕೊಳ್ಳುತ್ತವೆ. ಭಾರತದಲ್ಲಿರುವಾಗ ಸ್ಪ್ಲಿಟ್ ಟನೆಲಿಂಗ್‌ನಲ್ಲಿ, ಅಂದರೆ ಆಯ್ದ ಆ್ಯಪ್‌ಗಳನ್ನು ವಿಪಿಎನ್ ಇಲ್ಲದೆ ನೇರವಾಗಿ ಬಿಡುವ ಸೌಲಭ್ಯದಲ್ಲಿ, ಅವನ್ನು ಹೊರಗಿಟ್ಟಿದ್ದೇನೆ, ಆಂಡ್ರಾಯ್ಡ್‌ನ ಮುಲ್ವಾಡ್‌ನಲ್ಲಿ ಇದು ಸುಲಭ.

ಇನ್ನು ಸ್ಟ್ರೀಮಿಂಗ್. ಮ್ಯೂನಿಕ್‌ನಲ್ಲಿರುವ ತಮ್ಮ ಕೇಳಿದ್ದೂ ಇದಕ್ಕೇ, ಐಪಿಎಲ್ ಮತ್ತು ಕನ್ನಡ ಸಿನಿಮಾ ನೋಡಲು. ಇದಕ್ಕೆಂದೇ ವಿಪಿಎನ್ ಕೊಳ್ಳಬೇಡ ಎಂದೆ. ವಿಪಿಎನ್‌ನ ಐಪಿಗಳು ಡೇಟಾ ಸೆಂಟರಿನವು, ಒಂದೇ ಐಪಿಯಿಂದ ನೂರಾರು ಜನ ಹೊರಡುತ್ತಾರೆ; ಓಟಿಟಿ ಕಂಪನಿಗಳು ಅಂಥ ವಿಳಾಸಗಳ ಪಟ್ಟಿ ಇಟ್ಟುಕೊಂಡು ತಡೆಯುತ್ತವೆ. ನೆಟ್‌ಫ್ಲಿಕ್ಸ್ 2016ರಲ್ಲೇ ಈ ತಡೆ ಶುರುಮಾಡಿತು, ಅದರ ಜಾಹೀರಾತು ಸಹಿತ ಪ್ಲಾನ್‌ನಲ್ಲಂತೂ ವಿಪಿಎನ್ ನಡೆಯುವುದೇ ಇಲ್ಲ. ಇವತ್ತು ತೆರೆದದ್ದು ಫೈನಲ್ ದಿನ ತೆರೆಯುತ್ತದೆ ಎಂದು ಯಾರೂ ಬರೆದುಕೊಡಲಾರರು. ಪ್ರೋಟಾನ್‌ನ ದುಡ್ಡಿನ ಆವೃತ್ತಿ ಸ್ಟ್ರೀಮಿಂಗನ್ನು ತನ್ನ ಸೌಲಭ್ಯಗಳಲ್ಲಿ ಹೇಳಿಕೊಳ್ಳುತ್ತದೆ, ಮುಲ್ವಾಡ್ ಅಂಥ ಭರವಸೆ ಕೊಡುವುದಿಲ್ಲ. ಮೇಲಾಗಿ ಓಟಿಟಿಯ ಷರತ್ತು ಮುರಿದರೆ ಖಾತೆ ಹೋಗುವ ಅಪಾಯ ನಿಮ್ಮದೇ. ಸನ್ ನೆಕ್ಸ್ಟ್, ಝೀ5 ಹೊರದೇಶಗಳಿಗೂ ಅಧಿಕೃತವಾಗಿ ಚಂದಾ ಕೊಡುತ್ತವೆ. ತಮ್ಮ ಅಂಥದೊಂದನ್ನು ತೆಗೆದುಕೊಂಡ, ಅವನ ಹೆಂಡತಿಗೆ ಅದರಲ್ಲೇ ಹಳೇ ಕನ್ನಡ ಸಿನಿಮಾಗಳು ಸಿಗುತ್ತಿವೆ.

ಕೊಳ್ಳುವವರಿಗೆ ದರದ ಬಗ್ಗೆ ಒಂದು ಮಾತು. ಎರಡು ವರ್ಷದ ಹಣ ಒಟ್ಟಿಗೆ ಕಟ್ಟಿಸಿಕೊಂಡು ‘ತಿಂಗಳಿಗೆ ಇಷ್ಟೇ’ ಅನ್ನುವ ಕಡೆ ನವೀಕರಣದ ದರವನ್ನು ಹುಡುಕಿ ಓದಿ, ಅದು ಚಿಕ್ಕ ಅಕ್ಷರದಲ್ಲಿರುತ್ತದೆ. ಮೊದಲ ಸಲ ಯಾವ ಕಂಪನಿಯದ್ದಾದರೂ ಒಂದೇ ತಿಂಗಳು ತೆಗೆದುಕೊಳ್ಳಿ. ನಾನು ಕೆಲಸದ ಲ್ಯಾಪ್‌ಟಾಪಿಗೆ ಮುಲ್ವಾಡ್ ಇಟ್ಟುಕೊಂಡಿದ್ದೇನೆ, ಪ್ರವಾಸದ ತಿಂಗಳು ಹಣ ಹಾಕುತ್ತೇನೆ, ಇಲ್ಲದ ತಿಂಗಳು ಹಾಗೇ ಬಿಡುತ್ತೇನೆ. ಮನೆಯವರ ಫೋನುಗಳಿಗೆ ಪ್ರೋಟಾನ್, ಒಂದೇ ಚಂದಾದಲ್ಲಿ 10 ಸಾಧನ ಆಗುತ್ತವೆ. ಸೇವೆ ಹೇಗಿದೆ ಎಂದು ಐದರಲ್ಲಿ ಅಂಕ ಕೇಳಿದರೆ ಮುಲ್ವಾಡ್‌ಗೆ ನಾಲ್ಕೂವರೆ, ಭಾರತದ ಐಪಿ ಬೇಕಾದವರಿಗೆ ಅದು ಪ್ರಯೋಜನವಿಲ್ಲ ಎನ್ನುವುದಕ್ಕೆ ಅರ್ಧ ಕಡಿತ. ಪ್ರೋಟಾನ್‌ಗೆ ನಾಲ್ಕು. ಮುಂದಿನ ವರ್ಷದ ಸೆಕ್ಯೂರಿಟಮ್ ವರದಿ ಬರದೇ ಹೋದರೆ ಆ ನಾಲ್ಕನ್ನು ಮತ್ತೆ ತಿದ್ದುತ್ತೇನೆ.